ದಂಡು ಇಳಿದ ದಂಡೆ

ನಮ್ಮ ಅವ್ವನ ತವರು ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಒಂದು ಸಣ್ಣ ಊರು. ಅಲ್ಲಿಂದ ಮುತ್ಯಾ ವರ್ಷಕ್ಕೊಮ್ಮೆ ಶರಣಬಸಪ್ಪನ ಜಾತ್ರೆಗೆ ಕಲಬುರಗಿಗೆ ಬರುತ್ತಿದ್ದ. ತೇರಿಗೆ ಉತ್ತತ್ತಿ ಒಗೆದು, ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿ, ಬೆಳಗಾಗುತ್ತಲೇ ಕೈಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಇನ್ನೊಂದಿನ ಇರಪ್ಪಾ" ಎಂದು ಅವ್ವ ಅಂದರೆ ಅವನ ಉತ್ತರ ಪ್ರತಿ ವರ್ಷವೂ ಒಂದೇ: "ಹೊಳಿ ಇಲ್ಲದ ಊರಾಗ ನನಗ ನಿದ್ದಿ ಹತ್ತಂಗಿಲ್ಲವ್ವಾ."

ನಾನು ಏಳನೇ ಇಯತ್ತೆಯಲ್ಲಿದ್ದಾಗ ಅವನನ್ನು ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದೆ. ನಮ್ಮೂರಿನ ದೊಡ್ಡಸ್ತಿಕೆ ತೋರಿಸುವ ಹುರುಪು ನನಗೆ. ಮುತ್ಯಾ ಕಂದಕದ ಅಂಚಿಗೆ ನಿಂತು ಆಪು ಬೆಳೆದ ಹಸಿರು ನೀರನ್ನು ಬಹಳ ಹೊತ್ತು ನೋಡಿದ. ಬುರುಜು ನೋಡಲಿಲ್ಲ, ತೋಪಿನ ಮೇಲೆ ಕೈ ಇಡಲಿಲ್ಲ. ಧೋತರದ ಚುಂಗು ಎತ್ತಿ ಮುಖ ಒರೆಸಿಕೊಂಡು ಕೇಳಿದ:

"ಅಲ್ಲೋ ತಮ್ಮಾ, ಹೊಳಿ ಇಲ್ಲದ ಊರಾಗ ಬಾದಶಹಾ ಹ್ಯಾಂಗ ಇದ್ದನೋ? ಆನಿ ಕುದರಿಗೆ ನೀರ ಎಲ್ಲಿಂದು ಕುಡಸ್ತಿದ್ದ?"

ನನಗೆ ನಗು ಬಂತು. ಒಕ್ಕಲಿಗ ಮನುಷ್ಯ, ಕೋಟೆ ನೋಡೆಂದರೆ ದನಕ್ಕೆ ನೀರು ಎಲ್ಲಿ ಎಂದು ಕೇಳುತ್ತಾನೆ! ಆ ಪ್ರಶ್ನೆ ಎಷ್ಟು ಸರಿಯಾದದ್ದು ಎಂದು ಗೊತ್ತಾಗಲು ನನಗೆ ಮೂವತ್ತು ವರ್ಷ ಹಿಡಿಯಿತು.

ಕಲಬುರಗಿ ಕೋಟೆಯನ್ನು ನೋಡದವರಿಗೆ ಒಂದು ಮಾತು. ನಮ್ಮದು ಬಯಲು ಕೋಟೆ. ಚಿತ್ರದುರ್ಗದ ಹಾಗೆ ಬೆಟ್ಟ ಇಲ್ಲ, ಬೀದರಿನ ಹಾಗೆ ದಿಬ್ಬದ ಅಂಚಿಲ್ಲ. ಮಟ್ಟಸ ಎರೆ ನೆಲದ ಮೇಲೆ ಎರಡು ಸುತ್ತಿನ ಗೋಡೆ, ಸುತ್ತಲೂ ಸುಮಾರು 30 ಗಜ ಅಗಲದ ಕಂದಕ, ಒಳಗೆ ನಟ್ಟನಡುವೆ ಬಾಲಾ ಹಿಸ್ಸಾರ್ ಎಂಬ ಎತ್ತರದ ಕಲ್ಲು ಕಟ್ಟಡ. ಬುರುಜು 15, ತೋಪು 26 ಎಂದು ಹಳೆಯ ಲೆಕ್ಕ. ಅವುಗಳಲ್ಲಿ ಒಂದು 29 ಅಡಿ ಉದ್ದದ್ದು, ಬಾರಾ ಗಜಿ ತೋಪು. ನಮ್ಮ ಕಾಲದ ಹುಡುಗರೆಲ್ಲ ಅದರ ಮೇಲೆ ಕುದುರೆ ಸವಾರಿ ಮಾಡಿದವರೇ. ಬೇಸಿಗೆಯಲ್ಲಿ ಚಡ್ಡಿ ಹಾಕಿಕೊಂಡು ಕೂತರೆ ತೊಡೆ ಸುಟ್ಟು ಬೊಬ್ಬೆ ಏಳುತ್ತಿತ್ತು. ಆದರೂ ಇಳಿಯುತ್ತಿರಲಿಲ್ಲ, ಇಳಿದರೆ ಇನ್ನೊಬ್ಬ ಹತ್ತುತ್ತಾನೆ.

ಕೋಟೆಯ ಒಳಗೇ ಜಾಮಿ ಮಸೀದಿ. 1367ರದ್ದು. ಕಟ್ಟಿದವನ ಹೆಸರು ಶಾಸನದಲ್ಲೇ ಇದೆ: ರಫೀ, ಇರಾನಿನ ಕಜ್ವೀನ್ ಊರಿನವನು. ಇದರ ವಿಶೇಷವೆಂದರೆ ಅಂಗಳವಿಲ್ಲ. ಸಾಮಾನ್ಯವಾಗಿ ದೊಡ್ಡ ಮಸೀದಿ ಎಂದರೆ ಮುಂದೆ ತೆರೆದ ಅಂಗಳ ಇರುತ್ತದೆ. ಇಲ್ಲಿ ಆ ಜಾಗವನ್ನೂ ಗುಂಬಜ್‌ಗಳಿಂದ ಮುಚ್ಚಿಬಿಟ್ಟಿದ್ದಾರೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ ಒಳಗೆ ಹೋಗಿ ಕಮಾನುಗಳ ಸಾಲಿನಲ್ಲಿ ಕೂತು ನೋಡಿ. ಕಜ್ವೀನ್‌ನಿಂದ ಬಂದ ಆ ಮನುಷ್ಯನಿಗೆ ನಮ್ಮೂರಿನ ಬಿಸಿಲು ಚೆನ್ನಾಗಿ ಅರ್ಥವಾಗಿತ್ತು ಅನ್ನಿಸುತ್ತದೆ. ಇದು ನನ್ನ ಊಹೆ ಮಾತ್ರ. ಪಂಡಿತರು ಬೇರೆ ಕಾರಣ ಹೇಳಿಯಾರು. ಆದರೆ ಅವರಾರೂ ಏಪ್ರಿಲ್‌ನಲ್ಲಿ ಬರುವುದಿಲ್ಲ.

1347ರಲ್ಲಿ ದೌಲತಾಬಾದಿನಲ್ಲಿ ಪಟ್ಟಕ್ಕೆ ಬಂದ ಅಲಾವುದ್ದೀನ್ ಹಸನ್ ಬಹಮನ್ ಷಾ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದು, ಊರಿಗೆ ಅಹ್ಸನಾಬಾದ್ ಎಂದು ಹೆಸರಿಟ್ಟ. ದಿಲ್ಲಿಯಿಂದ ದೂರ, ದಕ್ಷಿಣದ ಗಡಿಗೆ ಹತ್ತಿರ. ರಾಜಕಾರಣಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಹೊಳೆ ಇಲ್ಲ. ಕೆರೆ ಇತ್ತು, ಬಾವಿ ಇತ್ತು, ಮಳೆ ಬಂದರೆ ಕಂದಕ ತುಂಬುತ್ತಿತ್ತು. ಅರಮನೆಗೆ, ಪೇಟೆಗೆ ಅಷ್ಟು ಸಾಕು. ದಂಡಿಗೆ ಸಾಕೇ?

ಮುತ್ಯಾನ ಪ್ರಶ್ನೆಯನ್ನು ನಮ್ಮೂರಿನ ಜನಕ್ಕೆ ಅರ್ಥವಾಗುವ ಲೆಕ್ಕದಲ್ಲಿ ಹಾಕೋಣ. ಒಂದು ಕುದುರೆ ದಿನಕ್ಕೆ 30–40 ಲೀಟರ್ ನೀರು ಕುಡಿಯುತ್ತದೆ. ಆನೆಗೆ 100 ಲೀಟರ್ ಸಾಲುವುದಿಲ್ಲ. ಹತ್ತು ಸಾವಿರ ಕುದುರೆ ಒಂದೆಡೆ ಸೇರಿದವು ಎಂದುಕೊಳ್ಳಿ. ಅವುಗಳಿಗಷ್ಟೇ ದಿನಕ್ಕೆ 3–4 ಲಕ್ಷ ಲೀಟರ್. ನಾವು ಬೇಸಿಗೆಯಲ್ಲಿ ಓಣಿಗೆ ತರಿಸುವ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 60ರಿಂದ 80 ಟ್ಯಾಂಕರ್. ಆಮೇಲೆ ಎತ್ತು, ಒಂಟೆ, ಆನೆ, ಮನುಷ್ಯರು, ಅಡಿಗೆ, ಸ್ನಾನ. ಒಂದು ಟ್ಯಾಂಕರ್ ತರಿಸಲು ನಾಲ್ಕು ಸಲ ಫೋನ್ ಮಾಡುವ ನಮಗೆ ಇದು ಎಂಥ ತಲೆನೋವು ಎಂದು ಬಿಡಿಸಿ ಹೇಳಬೇಕಿಲ್ಲ.

ದಂಡು ಹೋಗಬೇಕಾದದ್ದು ಎಲ್ಲಿಗೆ? ದಕ್ಷಿಣಕ್ಕೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಗಾಗಿ ಬಹಮನಿಗಳಿಗೂ ವಿಜಯನಗರದವರಿಗೂ ತಲೆಮಾರುಗಟ್ಟಲೆ ಜಗಳ. ರಾಯಚೂರು, ಮುದಗಲ್ಲು ಕೋಟೆಗಳು ಎಷ್ಟು ಸಲ ಕೈ ಬದಲಾದವೋ. ಕಲಬುರಗಿಯಿಂದ ಹೊರಟ ದಂಡಿಗೆ ಮೊದಲು ಅಡ್ಡ ಬರುವುದು ಭೀಮೆ. ಅದನ್ನು ದಾಟಿ, ಇವತ್ತು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿರುವ ಸಗರದ ಕೋಟೆ ಮುಟ್ಟಿ, ಅಲ್ಲಿಂದ ಕೃಷ್ಣೆ. ಒಂದು ಕಾಲಕ್ಕೆ ದಂಡು ಜಮಾಯಿಸುತ್ತಿದ್ದ ಸಗರ ಈಗ ಬಸ್ಸಿನ ಬೋರ್ಡಿನ ಮೇಲೆ ಓದಿ ಮರೆತುಬಿಡುವ ಹೆಸರು.

ಈ ಹಾದಿಯಲ್ಲೇ 1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಷಾ ಬಹಮನಿ ಮರುವರ್ಷ ಹೊರಟ. ಕೃಷ್ಣೆ ತುಂಬಿ ಹರಿಯುತ್ತಿತ್ತು. ಇತ್ತ ಇವನ ದಂಡು, ಅತ್ತ ವಿಜಯನಗರದ ದಂಡು. ಮುಂದಿನದು ಚರಿತ್ರಕಾರ ಫಿರಿಶ್ತಾ ಹೇಳಿದ ಕತೆ: ಸಿರಾಜ್ ಎಂಬ ಕಾಜಿಯೊಬ್ಬ ಕುಣಿಯುವವರ ಮೇಳದಲ್ಲಿ ವೇಷ ಮರೆಸಿಕೊಂಡು ಹೊಳೆ ದಾಟಿದ, ಆಟದ ನಡುವೆ ವಿಜಯನಗರದ ರಾಜಕುಮಾರನಿಗೆ ಕಠಾರಿ ಹಾಕಿದ, ಅಲ್ಲಿ ಗದ್ದಲವೆದ್ದ ಹೊತ್ತಿಗೆ ಇತ್ತಲಿಂದ ದಂಡು ಹೊಳೆ ಹಾಯ್ದಿತು. ಫಿರಿಶ್ತಾ ಇದನ್ನು ಬರೆದದ್ದು ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು, ಸುಮಾರು 200 ವರ್ಷ ಕಳೆದ ಮೇಲೆ. ಅವನಿಗೆ ಒಳ್ಳೆಯ ಕತೆ ಸಿಕ್ಕರೆ ಬಿಡುವ ಜಾಯಮಾನವಲ್ಲ, ಸಂಖ್ಯೆಗಳಲ್ಲಂತೂ ಕೈ ಬಹಳ ಧಾರಾಳ. ಹಾಗಾಗಿ ಕಠಾರಿಯನ್ನು ಪಕ್ಕಕ್ಕಿಡಿ. ತುಂಬಿದ ಹೊಳೆಯ ಮುಂದೆ ದಂಡು ಕಟ್ಟಿಕೊಂಡು ದಿನ ಎಣಿಸುತ್ತ ಕೂತ ಸುಲ್ತಾನನನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ. ಹೊಳೆ ಎಂದರೆ ಏನೆಂದು ಅವನಿಗೆ ಅಲ್ಲಿ ತಿಳಿದಿರಬೇಕು.

ಆ ದಂಡಯಾತ್ರೆ ಮುಗಿಸಿ ಬಂದ ಬೆನ್ನಲ್ಲೇ, 1400ರ ಆಸುಪಾಸಿನಲ್ಲಿ, ಫಿರೋಜ್ ಭೀಮಾ ದಂಡೆಯ ಮೇಲೆ ಒಂದು ಹೊಸ ಊರು ಕಟ್ಟಲು ಶುರು ಮಾಡಿದ. ಕಲಬುರಗಿಯಿಂದ ದಕ್ಷಿಣಕ್ಕೆ 30 ಕಿಲೋಮೀಟರಿಗೆ ತುಸು ಕಡಿಮೆ. ಕುದುರೆಗೆ ಅರ್ಧ ದಿನದ ಹಾದಿ. ಹೆಸರು ಫಿರೋಜಾಬಾದ್.

ಹೋದ ಡಿಸೆಂಬರಿನ ಒಂದು ರವಿವಾರ ಮಗಳನ್ನು ಗಾಡಿ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋದೆ. ಒಂಬತ್ತನೇ ಇಯತ್ತೆ ಅವಳು. ರಾಮ ಮಂದಿರ ಸರ್ಕಲ್ ದಾಟಿ ಜೇವರ್ಗಿ ರಸ್ತೆ ಹಿಡಿದರೆ ಎರಡೂ ಮಗ್ಗುಲಿಗೆ ತೊಗರಿ, ಕಣ್ಣು ಹಾಯುವತನಕ ತೊಗರಿ. ಕಾಯಿ ಬಲಿತು ಗಿಡ ಬಾಗಿದ್ದವು. ಫರಹತಾಬಾದಿನಲ್ಲಿ ಸುಸಲಾ, ಮಿರ್ಚಿ ತಿಂದು ಚಹಾ ಕುಡಿದೆವು. ಅಲ್ಲಿಂದ ಮುಂದೆ ಹೆದ್ದಾರಿ ಬಿಟ್ಟು ಹೊಳೆ ಕಡೆ ತಿರುಗಿ, ದಾರಿ ಸರಿಯೇ ಎಂದು ಕೇಳಬೇಕು ಅನ್ನುವಷ್ಟರಲ್ಲಿ ತೊಗರಿಯ ಹಿಂದೆ ಗೋಡೆ ಎದ್ದು ನಿಂತಿತು.

ಮಗಳು ಶಾಲೆಯ ಟ್ರಿಪ್‌ನಲ್ಲಿ ವಿಜಯಪುರದ ಗೋಳಗುಮ್ಮಟ ನೋಡಿ ಬಂದವಳು. ಅಗಸಿಯ ಕಮಾನಿನ ಕೆಳಗೆ ಗಾಡಿ ನಿಲ್ಲಿಸುತ್ತಲೇ ಕೇಳಿದಳು, "ಅಪ್ಪಾ, ಟಿಕೆಟ್ ಎಲ್ಲಿ ತಗೀಬೇಕು?"

"ಇಲ್ಲಿ ಟಿಕೆಟ್ ಇಲ್ಲವ್ವಾ."

"ಹಂಗಾದ್ರ ಇದು ಕೋಟಿ ಅಲ್ಲ ಬಿಡು."

ಅವಳ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಒಳಗೆ ಹೋದರೆ ಮೊದಲು ಕಾಣುವುದು ಹೊಲ. ಮಸೀದಿ, ಮಹಲು ಎಲ್ಲ ಆಮೇಲೆ. ಗೋಡೆಯ ಹೊರಗೆ ಇದ್ದ ತೊಗರಿಯೇ ಗೋಡೆಯ ಒಳಗೂ. ನಡುವೆ ಬದುವಿನ ಮೇಲೆ ಜಾಲಿ, ಬಾರಿಗಿಡ. ಅಲ್ಲೊಂದು ಇಲ್ಲೊಂದು ಕಲ್ಲಿನ ಹೆಗಲು ಎದ್ದು ಕಾಣುತ್ತದೆ, ಹೊಳೆಯಲ್ಲಿ ಈಜುವ ಎಮ್ಮೆಯ ಬೆನ್ನಿನ ಹಾಗೆ. ಗೋಡೆಯ ಒಂದು ಮಗ್ಗುಲು ನಡೆದು ಮುಗಿಸಲು ನಮಗೆ ಕಾಲು ಗಂಟೆಗೂ ಮಿಕ್ಕಿ ಬೇಕಾಯಿತು. ಎರೆ ಮಣ್ಣಿನ ಬಿರುಕಿನಲ್ಲಿ ಕಾಲು ಸಿಗದ ಹಾಗೆ ನೋಡಿಕೊಂಡು ನಡೆಯುವುದೂ ಒಂದು ಕಾರಣ. ಮೂರು ಕಡೆ ಹೀಗೆ ದಪ್ಪ ಕಲ್ಲಿನ ಗೋಡೆ, ದುಂಡು ಬುರುಜು. ನಾಲ್ಕನೆಯ ಕಡೆ, ಪಡುವಣಕ್ಕೆ, ಕಾವಲಿಗೆ ಹೊಳೆಯೇ ಇದೆ.

ಇಲ್ಲಿ ನಿಂತಾಗ ಮುತ್ಯಾನ ಪ್ರಶ್ನೆ ನೆನಪಾಯಿತು. ಬಾದಶಹಾ ಹೊಳಿ ಇಲ್ಲದ ಊರಲ್ಲಿ ಹ್ಯಾಂಗ ಇದ್ದ? ಇರಲಿಲ್ಲ ಮುತ್ಯಾ, ಆಗಲಿಲ್ಲ ಅವನ ಕೈಲಿ. ಹೊಳಿ ಹುಡುಕ್ಕೊಂಡು ನಿನ್ನ ಕಡೆಗೇ ಬಂದ.

ಫಿರೋಜಾಬಾದನ್ನು ಮೋಜಿನ ಅರಮನೆ ಎಂದು ಬರೆಯುವವರಿದ್ದಾರೆ. ಫಿರೋಜನ ಜನಾನಾದಲ್ಲಿ ಎಷ್ಟು ದೇಶದ ಹೆಂಗಸರಿದ್ದರು, ಒಬ್ಬೊಬ್ಬರ ಜೊತೆ ಅವರವರ ಭಾಷೆಯಲ್ಲೇ ಹೇಗೆ ಮಾತಾಡುತ್ತಿದ್ದ ಎಂಬ ಫಿರಿಶ್ತಾನ ವರ್ಣನೆ ಅವರಿಗೆಲ್ಲ ಬಲು ಪ್ರೀತಿ. ಮೋಜು ಇದ್ದಿರಬಹುದು, ಅರಸನಲ್ಲವೇ. ಆದರೆ ಮೋಜಿಗೆ ಇಷ್ಟು ದಪ್ಪ ಗೋಡೆ ಬೇಡ, ಇಷ್ಟು ಬಯಲು ಬೇಡ. ಈ ಗೋಡೆಯೊಳಗೆ ಕಟ್ಟಡಕ್ಕಿಂತ ಖಾಲಿ ಜಾಗವೇ ಹೆಚ್ಚು. ಅದು ಡೇರೆ ಹೊಡೆಯುವ ಜಾಗ, ಕುದುರೆ ಕಟ್ಟುವ ಜಾಗ ಎಂದೇ ನನಗೆ ಕಾಣುತ್ತದೆ. ಫಿರೋಜ್ ತನ್ನ ಆಳ್ವಿಕೆಯಲ್ಲಿ 24 ಸಲ ದಂಡೆತ್ತಿ ಹೋದ ಎಂದು ಅದೇ ಫಿರಿಶ್ತಾ ಬರೆದಿದ್ದಾನೆ. ಅದರಲ್ಲಿ ಅರ್ಧ ನಿಜವಾದರೂ, ಎರಡು ವರ್ಷಕ್ಕೊಂದು ದಂಡಯಾತ್ರೆ. ಅಂಥವನಿಗೆ ಬೇಕಾದದ್ದು ಹಾದಿಯ ಮೇಲೆ, ನೀರಿನ ಪಕ್ಕ ಒಂದು ಭದ್ರ ಠಾಣ್ಯ. ದಂಡು ಇಳಿಯಲಿಕ್ಕೆ ಒಂದು ದಂಡೆ.

ಊರು ಮಾತ್ರ ಬರೀ ಡೇರೆಯ ಊರಾಗಿರಲಿಲ್ಲ. ನೇರ ಬೀದಿ, ಸಾಲು ಅಂಗಡಿ, ಹೊಳೆಯ ಮಗ್ಗುಲಲ್ಲಿ ಹಲವು ತೊಟ್ಟಿಗಳ ಅರಮನೆ, ಅದರೊಳಗೆ ಹೊಳೆಯಿಂದ ಕಾಲುವೆ ತೆಗೆದು ತಂದ ನೀರು ಎಂದು ಬರೆದಿಟ್ಟಿದ್ದಾರೆ. ಅಂಗಡಿ ಈಗ ಒಂದೂ ಇಲ್ಲ. ನಡುವೆ ಜಾಮಿ ಮಸೀದಿಯ ಗೋಡೆ ನಿಂತಿದೆ. ಅಗಲವಾದ ಅಂಗಳ, ಗುಂಬಜ್ ಹೊತ್ತ ಬಾಗಿಲು. ನಮಾಜಿನ ಹಜಾರ ಬಿದ್ದಿದೆ. ಕಲಬುರಗಿಯ ಮಸೀದಿಯಲ್ಲಿ ಮುಚ್ಚಿಬಿಟ್ಟಿದ್ದ ಆಕಾಶವನ್ನು ಇಲ್ಲಿ ಪೂರ್ತಿ ಬಿಚ್ಚಿಟ್ಟಿದ್ದಾರೆ. ಹೊಳೆಯ ಗಾಳಿ ಬರುತ್ತದಲ್ಲ.

ಮಸೀದಿಯ ಹಿಂದೆ, ಅರಮನೆಯ ಕಡೆ ಹಮ್ಮಾಮು, ಅಂದರೆ ಸ್ನಾನದ ಮನೆ. ದಖನ್ನಿನಲ್ಲಿ ಉಳಿದಿರುವ ಅರಸು ಹಮ್ಮಾಮುಗಳಲ್ಲಿ ಇಲ್ಲಿಯವು ಬಹಳ ಹಳೆಯವು. ಬಗ್ಗಿ ಒಳಗೆ ಹೋದರೆ ಪಾರಿವಾಳದ ಹಿಕ್ಕೆಯ ವಾಸನೆ, ಕತ್ತಲು. ಮೇಲೆ ಗುಂಬಜ್‌ನಲ್ಲಿ ಬೆಳಕಿಗೆ ಬಿಟ್ಟ ತೂತು. ಅದರಿಂದ ಇಳಿದ ಬಿಸಿಲು ಎದುರು ಗೋಡೆಯ ಮೇಲೆ ಒಂದು ರೊಟ್ಟಿಯಷ್ಟು ಅಗಲಕ್ಕೆ ಬಿದ್ದಿತ್ತು. ಅಲ್ಲಿ ಗಚ್ಚು ಕಿತ್ತುಹೋಗಿ ಒಳಗಿನ ಕಲ್ಲು ಕಾಣುತ್ತಿತ್ತು. ಕಲ್ಲಿನ ಸಂದಿಯಲ್ಲಿ ಒಂದು ದುಂಡು ತೂತು. ಹಾವಿನ ಹುತ್ತ ಇರಬಹುದೆಂದು ಮೊದಲು ಮೊಬೈಲ್ ಬ್ಯಾಟರಿ ಹಿಡಿದು ನೋಡಿದೆ. ಸುಟ್ಟ ಮಣ್ಣಿನ ಕೊಳವೆ. ಗೋಡೆಯ ಹೊಟ್ಟೆಯೊಳಗೆ ಹಾಯ್ದು ಹೋಗಿದೆ. ಬೆರಳು ಹಾಕಿದೆ. ಒಳಮೈ ನುಣುಪಾಗಿತ್ತು, ಮಡಿಕೆಯ ಕಂಠದ ಹಾಗೆ. ಒಂದು ಕಡೆ ಸುಣ್ಣ ಹೆಪ್ಪುಗಟ್ಟಿ ಗಡುಸಾಗಿತ್ತು. ನಮ್ಮ ಮನೆಯ ನಳದ ಬಾಯಿಗೆ ಕಟ್ಟುತ್ತದಲ್ಲ, ಅದೇ ಬಿಳಿ ಪದರು. ಮಗಳೂ ಬೆರಳು ಹಾಕಿ ನೋಡಿ, "ಅಪ್ಪಾ, ನಮ್ಮ ಗೀಜರಿನಾಗೂ ಹಿಂಗೇ ಅಲ್ಲಾ?" ಎಂದಳು.

ಆ ಹೊತ್ತಿಗೇ ಮನೆಯಿಂದ ಫೋನ್. "ನಳ ಬಂದಾವ. ಇಬ್ಬರೂ ಊರು ತಿರುಗಲಿಕ್ಕೆ ಹೋಗೀರಿ, ಡ್ರಮ್ಮು ಯಾರು ತುಂಬಬೇಕು?" ನಮ್ಮ ಓಣಿಯಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಹಬ್ಬ. ಮದುವೆಯಲ್ಲಿ ಕೂತವರೂ ಎದ್ದು ಓಡುತ್ತಾರೆ. ಕಲಬುರಗಿಯ ಕುಡಿಯುವ ನೀರು ಬರುವುದು ಬೆಣ್ಣೆತೊರೆಯಿಂದ ಮತ್ತು ಇದೇ ಭೀಮೆಯಿಂದ, ಸರಡಗಿಯ ಬ್ಯಾರೇಜಿನಿಂದ. ಸುಲ್ತಾನ ಊರನ್ನೇ ಹೊಳೆಗೆ ಒಯ್ದ. ನಾವು ಹೊಳೆಯನ್ನು ಪೈಪಿನಲ್ಲಿ ಊರಿಗೆ ಎಳೆದೆವು. ಆರು ನೂರು ವರ್ಷದಲ್ಲಿ ಕಲಬುರಗಿಯ ಬಾಯಾರಿಕೆ ಮಾತ್ರ ಇದ್ದಲ್ಲೇ ಇದೆ.

ಫಿರೋಜನ ಬಗ್ಗೆ ಇನ್ನಷ್ಟು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ, ಯಾಕೆಂದರೆ ಆ ಮನೆತನದಲ್ಲಿ ನನಗೆ ಆಸಕ್ತಿ ಹುಟ್ಟಿಸಿದವನು ಇವನೊಬ್ಬನೇ. ವಾರಕ್ಕೆ ಮೂರು ದಿನ ತಾನೇ ಕೂತು ರೇಖಾಗಣಿತ, ತರ್ಕ ಪಾಠ ಹೇಳುತ್ತಿದ್ದನಂತೆ. ಗೋವಾ, ಚೌಲ್ ಬಂದರುಗಳಿಂದ ಪ್ರತಿ ವರ್ಷ ಹಡಗು ಕಳಿಸಿ ಪರದೇಶದ ಸರಕಿನ ಜೊತೆ ಪಂಡಿತರನ್ನೂ ಕರೆಸುತ್ತಿದ್ದ. ದೌಲತಾಬಾದಿನ ಹತ್ತಿರ ನಕ್ಷತ್ರ ನೋಡುವ ವೇಧಶಾಲೆ ಕಟ್ಟಲು ಹೊರಟ. ಅದರ ಹೊಣೆ ಹೊತ್ತ ಹಕೀಮ ತೀರಿಕೊಂಡು ಕೆಲಸ ಅರ್ಧಕ್ಕೆ ನಿಂತಿತು. ವಿಜಯನಗರದ ಒಂದನೇ ದೇವರಾಯನ ಮಗಳನ್ನು ಮದುವೆಯಾಗಿ ಬಂಕಾಪುರವನ್ನು ಬಳುವಳಿಯಾಗಿ ಪಡೆದ. ಆ ಮದುವೆ ಮುಗಿಸಿ ಹೊರಟಾಗ ಮಾವ ತನ್ನನ್ನು ಪೂರ್ತಿ ದಾರಿ ಕಳಿಸಿಕೊಡಲಿಲ್ಲ, ಅರ್ಧಕ್ಕೇ ತಿರುಗಿ ಹೋದ ಎಂದು ಅಳಿಯ ಮುನಿಸಿಕೊಂಡನಂತೆ. ಇದನ್ನು ಓದಿದಾಗ ನನಗೆ ಫಿರಿಶ್ತಾನ ಮೇಲೆ ವಿಶ್ವಾಸ ಬಂತು. ಬೀಗರ ಜಗಳದ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

ಇವನ ಕಾಲದಲ್ಲೇ ಸೂಫಿ ಸಂತ ಖ್ವಾಜಾ ಬಂದೇ ನವಾಜರು ದಿಲ್ಲಿ ಕಡೆಯಿಂದ ಕಲಬುರಗಿಗೆ ಬಂದರು. ಫಿರೋಜ್ ಮೊದಲು ಆದರದಿಂದ ಬರಮಾಡಿಕೊಂಡ. ಆಮೇಲೆ ಇಬ್ಬರಿಗೂ ಸರಿಬರಲಿಲ್ಲ. ಖ್ವಾಜಾರ ಖಾನ್‌ಕಾ, ಅಂದರೆ ಮಠ, ಕೋಟೆಯ ಸಮೀಪ ಇತ್ತು. ಅಲ್ಲಿ ಜನ ಸೇರುವುದು, ಗದ್ದಲ ಹೆಚ್ಚಾಯಿತು ಎಂದು ದೂರ ಹೋಗಲು ಹೇಳಿದ. ಅವರು ಸರಿದು ಹೋಗಿ ನೆಲೆಸಿದ ಜಾಗದಲ್ಲೇ ಇವತ್ತಿನ ದರ್ಗಾ ಇದೆ. ಉರುಸಿಗೆ ಊರು ಹಿಡಿಸದಷ್ಟು ಜನ ಅಲ್ಲಿಗೆ ಬರುತ್ತಾರೆ. ಗದ್ದಲ ಬೇಡವೆಂದ ಸುಲ್ತಾನ ಹಫ್ತ್ ಗುಂಬಜ್‌ನ ಎಲ್ಲಕ್ಕಿಂತ ದೊಡ್ಡ ಗೋರಿಯಲ್ಲಿ, ಜೋಡು ಗುಂಬಜ್‌ನ ಕೆಳಗೆ, ಬಾವಲಿಗಳ ಜೊತೆ ನೆಮ್ಮದಿಯಾಗಿದ್ದಾನೆ.

ಅವನ ಕೊನೆಗಾಲ ಚೆನ್ನಾಗಿರಲಿಲ್ಲ. 1417ರ ಹೊತ್ತಿಗೆ ಈಗ ತೆಲಂಗಾಣದಲ್ಲಿರುವ ಪಾನಗಲ್ಲು ಕೋಟೆಗೆ ಮುತ್ತಿಗೆ ಹಾಕಿದ. ಎರಡು ವರ್ಷ ಕೂತ. ಡೇರೆಗಳಲ್ಲಿ ರೋಗ ಬಿದ್ದು ಮನುಷ್ಯರೂ ಕುದುರೆಗಳೂ ಸತ್ತವು. ಕೊನೆಗೆ ವಿಜಯನಗರದವರ ಕೈಲಿ ಬಲವಾದ ಪೆಟ್ಟು ತಿಂದು ಬಂದ. 1422ರಲ್ಲಿ ತಮ್ಮ ಅಹ್ಮದನಿಗೆ ಪಟ್ಟ ಬಿಟ್ಟುಕೊಟ್ಟು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅಹ್ಮದ್ ಷಾ ಆ ದಶಕದಲ್ಲೇ ರಾಜಧಾನಿಯನ್ನು ಬೀದರಿಗೆ ಕಟ್ಟಿಕೊಂಡು ಹೋದ. ಕೆಂಪು ಜಂಬಿಟ್ಟಿಗೆ ದಿಬ್ಬ, ತಂಪು ಹವೆ, ನೆಲದೊಳಗಿನ ನೀರು, ದಕ್ಷಿಣದ ಗಡಿಯಿಂದ ಇನ್ನಷ್ಟು ದೂರ.

ಕಲಬುರಗಿ ಹೇಗೋ ಉಳಿಯಿತು. ದರ್ಗಾ ಇತ್ತು, ಪೇಟೆ ಇತ್ತು, ಮುಂದೆ ಶರಣಬಸಪ್ಪನ ದಾಸೋಹ ಬಂತು. ರಾಜಧಾನಿ ಹೋದರೂ ಊರು ಊರಾಗಿಯೇ ಇರಲು ಇಷ್ಟು ಸಾಕು. ಫಿರೋಜಾಬಾದಿಗೆ ಅದ್ಯಾವುದೂ ಇರಲಿಲ್ಲ. ಅದು ಹುಟ್ಟಿದ್ದು ದಂಡಿಗಾಗಿ, ಒಬ್ಬ ಮನುಷ್ಯನ ತಲೆಯಲ್ಲಿ. ಯಾರೂ ಅದನ್ನು ಸುಡಲಿಲ್ಲ, ಹಂಪಿಯ ಹಾಗೆ ಒಡೆಯಲಿಲ್ಲ. ದಂಡು ಬರುವುದು ನಿಂತಿತು, ಅಷ್ಟೇ. ಕೋಟೆ ಎಂದರೆ ಮುತ್ತಿಗೆಯಲ್ಲೇ ಬೀಳಬೇಕು ಎಂದು ನಾವು ಶಾಲೆಯಲ್ಲಿ ಕಲಿತದ್ದು. ಬಂದು ಹೋಗುವವರು ಇಲ್ಲದೆ ಬೀಳುವ ಕೋಟೆಗೆ ಪಾಠದಲ್ಲಿ ಇಸವಿ ಇರುವುದಿಲ್ಲ.

ಹಮ್ಮಾಮಿನಿಂದ ಹೊರಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಹೊಳೆಯ ಕಡೆ ಗೋಡೆ ಒಡೆದು ಸಂದಾದ ಒಂದು ಜಾಗದ ಹತ್ತಿರ ಉಳ್ಳಾಗಡ್ಡಿಯ ಮಡಿ ಮಾಡಿದ್ದರು. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಆಯಿ ಕುರ್ಚಿಗಿ ಹಿಡಿದು ಕಸ ತೆಗೆಯುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು.

"ಯಾವೂರ್ರಿ ಯಪ್ಪಾ? ನಿಧಿ ನೋಡ್ಲಿಕ್ಕಿ ಬಂದೀರೇನು?"

ನಾನು ಗಾಬರಿಯಾಗಿ, ಅಲ್ಲ ಆಯಿ, ಕಲಬುರಗಿಯವರು, ಬರೀ ಕೋಟಿ ನೋಡಲಿಕ್ಕೆ ಬಂದೀವಿ ಎಂದೆ. ಆಕೆ ನಕ್ಕಳು. ರಾತ್ರಿ ಬಂದು ಅಗೆದು ಹೋಗುವವರಿದ್ದಾರಂತೆ. ಗೋಡೆಯ ಬುಡದಲ್ಲಿ ಒಂದು ಗುಂಡಿ ತೋರಿಸಿದಳು. ಸೊಂಟದಷ್ಟು ಆಳ. "ಏನ್ ಸಿಗ್ತದ್ರಿ ಅವರಿಗಿ? ನಾವು ರಂಟಿ ಹೊಡ್ಯಾಗ ಬರೇ ಗಡಿಗಿ ಚೂರು ಬರ್ತಾವ. ನಮ್ಮ ಅತ್ತಿ ಇದ್ದಾಗಿಂದ ನಾನು ನೋಡ್ಲತೀನಿ, ಒಂದು ದುಡ್ಡು ಸಿಕ್ಕಿಲ್ಲ."

"ಈ ಹೊಲ ನಿಮ್ಮದೇ ಏನು ಆಯಿ?"

"ಪಾಲಿಗಿ ಮಾಡೀವ್ರಿ. ಬಾದಶಹಾನ ಮನಿ ಇತ್ತಂತ ಇಲ್ಲಿ." ಬಾದಶಹಾ ಎಂದರೆ ಪಕ್ಕದ ಓಣಿಯಿಂದ ಮನೆ ಖಾಲಿ ಮಾಡಿಕೊಂಡು ಹೋದ ಯಾರೋ ಎನ್ನುವ ಹಾಗಿತ್ತು ಅವಳ ದನಿ. ಮಗಳ ಗಲ್ಲ ಹಿಡಿದು ಎಷ್ಟನೇ ಇಯತ್ತೆ ಎಂದು ಕೇಳಿ, ಎರಡು ಹಿಡಿ ಹಸಿ ತೊಗರಿಕಾಯಿ ಹರಿದು ಅವಳ ಓಡನಿಗೆ ಹಾಕಿದಳು. 2020ರ ಅಕ್ಟೋಬರಿನಲ್ಲಿ ಉಜನಿ ಆಣೆಕಟ್ಟಿನ ನೀರು ಬಿಟ್ಟು ಭೀಮೆ ಉಕ್ಕಿತಲ್ಲ, ಆಗ ಹೊಳೆ ಎಲ್ಲಿಯತನಕ ಬಂದಿತ್ತು ಎಂದು ಕೇಳಿದೆ. ಕುರ್ಚಿಗಿಯ ತುದಿಯಿಂದ ಗೋಡೆಯ ಮೇಲೊಂದು ಗೆರೆ ತೋರಿಸಿದಳು. ಅದರ ಕೆಳಗಿನ ಕಲ್ಲಿನ ಬಣ್ಣ ಬೇರೆಯೇ ಇತ್ತು. "ಬೆಳಿ ಹೋಯ್ತು. ಗ್ವಾಡಿ ಅಳ್ಳಾಡ್ಲಿಲ್ಲ ನೋಡ್ರಿ" ಎಂದಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ.

ಗೋಡೆಯ ಸಂದಿನಲ್ಲಿ, ಕಲ್ಲುಗಳ ನಡುವೆ ಒಂದು ಕಪ್ಪು ಪೈಪು ಒಳಗೆ ಬಂದಿತ್ತು. ಅದು ಅಲುಗದಂತೆ ಮೇಲೊಂದು ಕಲ್ಲು ಹೇರಿದ್ದರು. ಹೂವಿನ ಎಸಳು ಕೆತ್ತಿದ, ಯಾವುದೋ ಕಮಾನಿನ ತುಂಡು. ಕೆಳಗೆ ದಂಡೆಯ ಮೇಲೆ ಮೋಟಾರಿನ ಹತ್ತಿರ ಅವಳ ಮೊಮ್ಮಗ ಕಾಲು ಚಾಚಿ ಕೂತು ಮೊಬೈಲ್ ನೋಡುತ್ತಿದ್ದ. ತ್ರೀ ಫೇಸ್ ಕರೆಂಟ್ ನಾಲ್ಕಕ್ಕೆ ಬರಬೇಕಿತ್ತು, ಐದಾದರೂ ಬಂದಿಲ್ಲ ಎಂದು ಆಯಿ ಗೊಣಗಿದಳು. ನಾವೂ ಮಡಿಯ ಬದುವಿನ ಮೇಲೆ ಕೂತೆವು. ಮಗಳು ತೊಗರಿಕಾಯಿ ಸುಲಿಸುಲಿದು ತಿನ್ನುತ್ತಿದ್ದಳು. ಹೊಳೆಯ ಮೇಲೆ ಬಿಸಿಲು ತಾಮ್ರದ ಬಣ್ಣಕ್ಕೆ ತಿರುಗಿ, ಆಚೆ ದಂಡೆಯ ಮರಳಲ್ಲಿ ಎಮ್ಮೆಗಳು ಒಂದೊಂದಾಗಿ ನೀರಿಗೆ ಇಳಿಯುತ್ತಿದ್ದವು. ಅದು ಮುತ್ಯಾನ ತಾಲ್ಲೂಕು. ಅವನ ಊರು ಇನ್ನೂ ಕೆಳಗಿದೆ, ಇಲ್ಲಿಂದ ಕಾಣುವುದಿಲ್ಲ.

"ಬಂತು ಆಯೀ!" ಎಂದು ಹುಡುಗ ಕೂಗಿದ. ಕೆಳಗೆ ಮೋಟಾರು ಗುರ್ ಎಂದಿತು. ಪೈಪು ಒಮ್ಮೆ ಮೈ ಮುರಿಯಿತು, ಎರಡು ಸಲ ಕೆಮ್ಮಿ ಗಾಳಿ ಉಗುಳಿತು. ಆಮೇಲೆ ಗೋಡೆ ದಾಟಿ ಬಂದ ಕೆಂಪು ನೀರು ಉಳ್ಳಾಗಡ್ಡಿಯ ಮೊದಲನೇ ಸಾಲಿಗೆ ಹಾರಿತು. ಆಯಿ ಸೀರೆ ಎತ್ತಿ ಕಟ್ಟಿ, ಕಾಲಿನಿಂದಲೇ ಮಣ್ಣು ಸರಿಸಿ ಎರಡನೇ ಸಾಲಿನ ಬಾಯಿ ಬಿಡಿಸಿದಳು.